ವ್ಯಾನಿನ ಸಿಂಕಿಗೆ ನೀರು: ತುಳಿಯುವ ಪಂಪ್ ಸಾಕೇ, ವಿದ್ಯುತ್ ಪಂಪ್ ಬೇಕೇ?

ಹೊಸಗಾಲಿ: ನಮ್ಮ ವ್ಯಾನಿನೊಳಗೆ ಮಂಚವೂ ಒಲೆಯ ಕಟ್ಟೆಯೂ ಸಿದ್ಧವಾಗಿವೆ, ಉಳಿದಿರುವುದು ಸಿಂಕ್ ಮತ್ತು ನೀರಿನ ವ್ಯವಸ್ಥೆ. ನಾವಿಬ್ಬರು ಒಮ್ಮೆ ಹೊರಟರೆ ಮೂರು ದಿನ ಹೊರಗಿರುತ್ತೇವೆ. ಸ್ನಾನದ ಲೆಕ್ಕವಿಲ್ಲ, ಕುಡಿಯಲು, ಅಡುಗೆಗೆ, ಪಾತ್ರೆ ತೊಳೆಯಲು ನೀರಿದ್ದರೆ ಸಾಕು. ನೆಲದಡಿ 70 ಲೀಟರಿನ ಟ್ಯಾಂಕ್ ಕೂರಿಸಿ, 12 ವೋಲ್ಟಿನ ಒತ್ತಡದ ಪಂಪ್ ಜೋಡಿಸುವ ಆಲೋಚನೆಯಿದೆ. ನೆಲಕ್ಕೆ ರಂಧ್ರ ಕೊರೆಯುವ ಮೊದಲು ತಿಳಿದವರ ಅಭಿಪ್ರಾಯ ಬೇಕು.

ನೀರುಗಂಟಿ: ದಯವಿಟ್ಟು ಈಗಲೇ ಕೊರೆಯಬೇಡಿ. 70 ಲೀಟರ್ ನೀರೆಂದರೆ 70 ಕಿಲೋ ತೂಕ. ಟ್ಯಾಂಕಿನ ತೂಕ ಬೇರೆ. ನಿಮ್ಮ ಅಗತ್ಯಕ್ಕೆ ಸಿಂಕಿನ ಕೆಳಗೆ 20 ಲೀಟರಿನ ಎರಡು ಕ್ಯಾನ್‌ಗಳು ಮತ್ತು ಕಾಲಿನಿಂದ ತುಳಿಯುವ ಒಂದು ಪಂಪ್ ಸಾಕು. ಕ್ಯಾನನ್ನು ಎತ್ತಿಕೊಂಡು ಹೋಗಿ ಎಲ್ಲಿ ನಲ್ಲಿ ಸಿಕ್ಕರೂ ತುಂಬಿಕೊಳ್ಳಬಹುದು, ಒಳಗೆ ಕೈ ಹಾಕಿ ಉಜ್ಜಲೂ ಬಹುದು. ನೆಲದಡಿಯ ಟ್ಯಾಂಕಿನಲ್ಲಿ ಇವೆರಡೂ ಸುಲಭವಲ್ಲ. ತುಳಿದಷ್ಟೇ ನೀರು ಬರುವುದರಿಂದ ಮಿತವ್ಯಯವೂ ತಾನಾಗಿಯೇ ಬರುತ್ತದೆ.

ತಂತಿಜಾಡು: ತೂಕದ ಮಾತು ಒಪ್ಪತಕ್ಕದ್ದೇ, ಆದರೆ ತುಳಿಯುವ ಪಂಪಿನ ಬಗ್ಗೆ ನನ್ನ ಭಿನ್ನಾಭಿಪ್ರಾಯವಿದೆ. ನನ್ನ ತಾಯಿ ನಮ್ಮೊಂದಿಗೆ ಪ್ರಯಾಣಿಸುತ್ತಾರೆ. ಮೊಣಕಾಲು ನೋವಿರುವವರಿಗೆ ಒಂದು ಲೋಟ ತೊಳೆಯಲು ಹತ್ತು ಬಾರಿ ತುಳಿಯಿರಿ ಎನ್ನುವುದು ಸರಿಯಲ್ಲ. ವಿದ್ಯುತ್ ಪಂಪ್ ಬ್ಯಾಟರಿಯನ್ನು ತಿಂದುಹಾಕುತ್ತದೆ ಎಂಬ ಭಯ ಹಲವರಿಗಿದೆ, ಅದು ತಪ್ಪು. 5 ಆಂಪಿಯರ್ ಎಳೆಯುವ ಪಂಪ್ ದಿನಕ್ಕೆ ಒಟ್ಟು 10 ನಿಮಿಷ ಓಡಿದರೂ ಖರ್ಚಾಗುವುದು ಒಂದು ಆಂಪಿಯರ್-ಗಂಟೆಗಿಂತ ಕಡಿಮೆ.

ನೀರುಗಂಟಿ: ನನ್ನ ಆತಂಕ ಬ್ಯಾಟರಿಯದಲ್ಲ, ನೀರಿನದು. ನಿಮಿಷಕ್ಕೆ 10 ಲೀಟರ್ ಕೊಡುವ ಪಂಪಿಗೆ ನಲ್ಲಿಯನ್ನು ಪೂರ್ತಿ ತೆರೆದರೆ 20 ಲೀಟರಿನ ಕ್ಯಾನ್ ಎರಡೇ ನಿಮಿಷದಲ್ಲಿ ಬರಿದಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯವೊಂದನ್ನು ನಾನೇ ಅನುಭವಿಸಿದ್ದೇನೆ. ಒತ್ತಡದ ಪಂಪಿನ ವ್ಯವಸ್ಥೆಯಲ್ಲಿ ನಲ್ಲಿ ಮುಚ್ಚಿದ್ದರೂ ಪೈಪಿನೊಳಗೆ ಒತ್ತಡ ನಿಂತಿರುತ್ತದೆ, ಒತ್ತಡ ಇಳಿದೊಡನೆ ಪಂಪ್ ತಾನೇ ಓಡಲಾರಂಭಿಸುತ್ತದೆ. ರಸ್ತೆಯ ಕುಲುಕಾಟಕ್ಕೆ ಒಂದು ಕ್ಲ್ಯಾಂಪ್ ಸಡಿಲಗೊಂಡಿದ್ದು ನಮಗೆ ಗೊತ್ತಾಗಲಿಲ್ಲ. ನಾವು ನಡೆದಾಡಲು ಹೋಗಿದ್ದಾಗ ಪಂಪ್ ಇಡೀ ಟ್ಯಾಂಕನ್ನು ನೆಲದ ಮೇಲೆ ಸುರಿದಿತ್ತು. ಪ್ಲೈವುಡ್ ಉಬ್ಬಿ, ಇಡೀ ನೆಲವನ್ನು ಕಿತ್ತು ಹೊಸದಾಗಿ ಹಾಕಬೇಕಾಯಿತು.

ತಂತಿಜಾಡು: ಅಂತಹ ನಷ್ಟ ಯಾರಿಗೂ ಬೇಡ. ಆದರೆ ಪಂಪಿಗೆ ಪ್ರತ್ಯೇಕ ಸ್ವಿಚ್ ಇಟ್ಟು, ವ್ಯಾನ್ ಓಡುವಾಗಲೂ ಬಿಟ್ಟುಹೋಗುವಾಗಲೂ ಮಲಗುವಾಗಲೂ ಆರಿಸುವ ಅಭ್ಯಾಸವಿದ್ದರೆ ಅದು ನಡೆಯುತ್ತಿರಲಿಲ್ಲ. ಯಾರೂ ನಲ್ಲಿ ಮುಟ್ಟದಿದ್ದಾಗ ಪಂಪ್ ಕ್ಷಣಕಾಲ ಗುರ್ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು.

ದೂರದಾರಿ: ನಿಮ್ಮಿಬ್ಬರ ನಡುವೆ ಮೂರನೆಯ ದಾರಿಯೊಂದಿದೆ. ಕ್ಯಾನಿನೊಳಗೆ ಮುಳುಗಿಸುವ ಸಣ್ಣ 12 ವೋಲ್ಟಿನ ಪಂಪ್ ಮತ್ತು ಒಳಗೇ ಸ್ವಿಚ್ ಇರುವ ನಲ್ಲಿಯನ್ನು ಬಳಸಿದರೆ, ನಲ್ಲಿ ತಿರುಗಿಸಿದಾಗ ಮಾತ್ರ ಪಂಪ್ ಓಡುತ್ತದೆ. ಉಳಿದ ಸಮಯದಲ್ಲಿ ಪೈಪಿನಲ್ಲಿ ಒತ್ತಡವಿರುವುದಿಲ್ಲ. ಕ್ಯಾನ್ ಖಾಲಿಯಾದ ಮೇಲೆ ಓಡಿಸಿದರೆ ಈ ಪಂಪ್ ಬೇಗ ಸುಟ್ಟುಹೋಗುತ್ತದೆ ಎಂಬುದು ಇದರ ದೌರ್ಬಲ್ಯ, ಆದ್ದರಿಂದ ಬದಲಿ ಪಂಪೊಂದನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಕ್ಯಾನಿನ ಮುಚ್ಚಳದಲ್ಲಿ ಗಾಳಿಯಾಡಲು ಕಿರುರಂಧ್ರವೂ ಬೇಕು. ಇಲ್ಲದಿದ್ದರೆ ನೀರು ಇಳಿದಂತೆ ಒಳಗೆ ನಿರ್ವಾತವಾಗಿ ಕ್ಯಾನ್ ಒಳಕ್ಕೆ ಕುಗ್ಗುತ್ತದೆ.

ಮುಸುರೆ ಚಿಂತೆ: ಎಲ್ಲರೂ ಒಳಬರುವ ನೀರಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ದಿನನಿತ್ಯ ಕಾಡುವುದು ಹೊರಹೋಗುವ ಮುಸುರೆ ನೀರು. ಅದರ ಕ್ಯಾನ್ ಶುದ್ಧ ನೀರಿನ ಕ್ಯಾನಿನಷ್ಟಾದರೂ ದೊಡ್ಡದಿರಬೇಕು, ಇಲ್ಲವಾದರೆ ನಿಮಗೆ ಕಾಣದಂತೆ ಕಪಾಟಿನೊಳಗೆ ಉಕ್ಕುತ್ತದೆ. ಸಿಂಕಿನಿಂದ ಇಳಿಯುವ ಪೈಪ್ ಉದ್ದಕ್ಕೂ ಇಳಿಜಾರಾಗಿರಲಿ. ಸಿಂಕಿನ ಕೆಳಗೆ ನೀರು ನಿಲ್ಲುವ ಒಂದು ಬಾಗು ಮಾತ್ರ ಇರಲಿ, ಏಕೆಂದರೆ ಅಲ್ಲಿ ನಿಂತ ನೀರೇ ಕ್ಯಾನಿನ ವಾಸನೆ ಮೇಲೆ ಬರದಂತೆ ತಡೆಯುತ್ತದೆ. ತಟ್ಟೆಯ ಜಿಡ್ಡನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯಿರಿ; ವಾಸನೆಯ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ತುಂಬಿದ ಮುಸುರೆಯನ್ನು ಹಳ್ಳಕೊಳ್ಳಗಳ ಬಳಿ ಚೆಲ್ಲುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅದನ್ನು ಚರಂಡಿ ವ್ಯವಸ್ಥೆಯಿರುವ ಕಡೆಗೇ ಒಯ್ಯಬೇಕು.

ಹೊಸಗಾಲಿ: ಮುಸುರೆಯ ಕ್ಯಾನ್ ನನ್ನ ನಕ್ಷೆಯಲ್ಲೇ ಇರಲಿಲ್ಲ. ಕುಡಿಯುವ ನೀರಿನ ಕ್ಯಾನ್ ಶುಚಿಗೊಳಿಸುವುದು ಹೇಗೆ?

ದೂರದಾರಿ: ಬೆಳಕು ತೂರದ ಕ್ಯಾನ್ ಆರಿಸಿದರೆ ಪಾಚಿ ಸುಲಭವಾಗಿ ಕಟ್ಟುವುದಿಲ್ಲ. ಪೈಪ್ ಕೂಡ ಕುಡಿಯುವ ನೀರಿಗೆಂದೇ ತಯಾರಾದದ್ದಾಗಿರಲಿ. ಬಹಳ ದಿನ ನಿಲ್ಲಿಸಿದ್ದ ವ್ಯಾನ್ ಹೊರಡುವ ಮೊದಲು, ಶೇಕಡಾ 5ರ ಸಾಂದ್ರತೆಯ, ಸುಗಂಧ ಬೆರೆಸದ ಬ್ಲೀಚ್ ದ್ರಾವಣವನ್ನು ಲೀಟರ್ ನೀರಿಗೆ 1 ಮಿಲಿಲೀಟರಿನಂತೆ ಬೆರೆಸಿ, ಪೈಪಿನಲ್ಲೂ ಹರಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆಯಿರಿ. ಇದು ಕ್ಯಾನ್ ಶುಚಿಗೊಳಿಸುವ ಪ್ರಮಾಣ. ಆ ನೀರನ್ನು ಕುಡಿಯಬಾರದು.

ಹೊಸಗಾಲಿ: ಹಾಗಾದರೆ ನೆಲದಡಿಯ ಟ್ಯಾಂಕನ್ನು ಕೈಬಿಟ್ಟಿದ್ದೇನೆ. ಶುದ್ಧ ನೀರಿಗೆ 20 ಲೀಟರಿನ ಎರಡು ಕ್ಯಾನ್, ಅಷ್ಟೇ ಗಾತ್ರದ ಎರಡು ಮುಸುರೆಗೆ, ಮುಳುಗಿಸುವ ಪಂಪ್.

ನೀರುಗಂಟಿ: ಪಂಪ್ ಸುಟ್ಟ ದಿನ ತುಳಿಯುವ ಪಂಪ್ ನೆನಪಾದೀತು, ಸಿಂಕಿನ ಕೆಳಗೆ ಅದಕ್ಕೊಂದು ಜಾಗ ಬಿಟ್ಟಿರಿ. ನಾಲ್ಕೂ ಕ್ಯಾನ್‌ಗಳನ್ನು ಪಟ್ಟಿಯಿಂದ ಬಿಗಿದು ಕಟ್ಟುವುದನ್ನು ಮಾತ್ರ ಮರೆಯಬೇಡಿ; ದಿಢೀರನೆ ಬ್ರೇಕ್ ಹಾಕಿದಾಗ 20 ಕಿಲೋದ ಕ್ಯಾನ್ ಕಪಾಟಿನ ಬಾಗಿಲನ್ನು ಮುರಿದುಕೊಂಡು ಬರುತ್ತದೆ.