ಬೀಜ ಲ್ಯಾಬ್‌ಗೆ ಕಳಿಸಬೇಕಾ? ಅನುಭವ ಇದ್ದವರು ಹೇಳಿ

ಪಾಂಡವಪುರದ ಹತ್ತಿರ ಸಸಿ ನರ್ಸರಿ ಇಟ್ಟಿದ್ದೇನೆ. ಹೋದ ಸಲ ಎಲೆಕೋಸು ಟ್ರೇಗಳಲ್ಲೇ ಕಪ್ಪು ಕೊಳೆ ಬಂತು. ಬೀಜದಿಂದಲೇ ಬಂದಿದ್ದು ಅಂತ ಅನುಮಾನ. ಈ ಸಲ ಬಿತ್ತುವ ಮೊದಲು ಎಲೆಕೋಸು, ಟೊಮೆಟೊ ಎರಡೂ ಬೀಜ ಟೆಸ್ಟ್ ಮಾಡಿಸಲಾ?

ಶ್ರೀರಂಗಪಟ್ಟಣದಿಂದ:
ಮಾಡಿಸಿ ಅಣ್ಣ, ಆದರೆ ಯಾವ ರೋಗಕ್ಕೆ ಅಂತ ಬರೆದುಕೊಡಿ. ಸುಮ್ನೆ ‘ಬೀಜ ಟೆಸ್ಟ್’ ಅಂದರೆ ಮೊಳಕೆ, ಶುದ್ಧತೆ, ತೇವಾಂಶ ನೋಡಿ ರಿಪೋರ್ಟ್ ಕೈಗಿಡುತ್ತಾರೆ. ಚೆನ್ನಾಗಿ ಮೊಳೆಯುವ ಬೀಜದಲ್ಲೂ ರೋಗ ತರುವ ದುಂಡಾಣು (ಬ್ಯಾಕ್ಟೀರಿಯಾ) ಇರಬಹುದು. ಕಪ್ಪು ಕೊಳೆಗೆ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 30,000 ಬೀಜ ಬೇಕು, 10,000ದಂತೆ ಮೂರು ಪಾಲು. ಅಂದರೆ ಹತ್ತಿರ ಹತ್ತಿರ ನೂರು ಗ್ರಾಂ! ಬೀಜವನ್ನು ಉಪ್ಪಿನ ದ್ರಾವಣದಲ್ಲಿ ಕುಲುಕಿ, ಆ ನೀರನ್ನು ದುಂಡಾಣು ಬೆಳೆಸುವ ಪ್ಲೇಟ್ ಮೇಲೆ ಹರಡುತ್ತಾರೆ. ಅನುಮಾನದ ಕಾಲನಿ (ದುಂಡಾಣುಗಳ ಗುಂಪು) ಬೆಳೆದರೆ ಎಳೆ ಸಸಿಗೆ ಅಂಟಿಸಿ ರೋಗ ಬರುತ್ತಾ ನೋಡುತ್ತಾರೆ. ಹಾಗಾಗಿ ನಾಳೆ ಬಿತ್ತನೆ ಇಟ್ಟುಕೊಂಡು ಇವತ್ತು ಕಳಿಸಿದರೆ ಆಗಲ್ಲ. ದುಂಡಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಟೆಸ್ಟ್ ಬೇಗ ಆಗುತ್ತೆ, ಆದರೆ ಸತ್ತ ದುಂಡಾಣುವಿಗೂ ಪಾಸಿಟಿವ್ ತೋರಿಸಬಹುದು.

ಮೈಸೂರಿನಿಂದ:
ಔಷಧಿ ಸೇರಿಸಿ ಬಣ್ಣ ಹಚ್ಚಿದ ಬೀಜ ಆದರೆ ಲ್ಯಾಬ್‌ನವರಿಗೆ ಮೊದಲೇ ಹೇಳಿ. ಆ ಔಷಧಿ ಪ್ಲೇಟ್‌ನಲ್ಲಿ ದುಂಡಾಣುವನ್ನು ಬೆಳೆಯೋಕೆ ಬಿಡದೇ ಇರಬಹುದು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಬೀಜರೋಗದ ಕೆಲಸ ಹಿಂದಿನಿಂದಲೂ ಇದೆ. ಹೊರಗಿನವರ ಸ್ಯಾಂಪಲ್ ತಗೋತಾರಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಮಳವಳ್ಳಿಯಿಂದ:
ಟೊಮೆಟೊದಲ್ಲಿ ನಿಮ್ಮ ತೊಂದರೆ ಏನು ಅಂತ ಬರೆದಿಲ್ಲ. ಗಿಡ ಹಸಿರಾಗೇ ಇದ್ದು ದಿಢೀರ್ ಸೊರಗಿದರೆ ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಲ್ಲಿ ತುದಿ ಅದ್ದಿ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು. ಹೆಚ್ಚಾಗಿ ಮಣ್ಣಿಂದ ಬರೋದು, ಬೀಜಕ್ಕೆ ದುಡ್ಡು ಸುರಿದು ಏನು ಪ್ರಯೋಜನ? ಅಂಥ ಜಮೀನಿಗೆ ಅರ್ಕಾ ರಕ್ಷಕ್‌ನಂಥ ತಡೆಯುವ ತಳಿ ನೋಡಿ. ದುಂಡಾಣುವಿನ ಎಲೆ ಚುಕ್ಕೆ ಅಥವಾ ಕ್ಯಾಂಕರ್ (ಕಾಂಡ ಸೀಳಿ ಗಿಡ ಬಾಡುವ ದುಂಡಾಣು ರೋಗ) ಆದರೆ ಬೀಜದ ಟೆಸ್ಟ್‌ಗೆ ಅರ್ಥ ಇದೆ.

ಕೇಳಿದವರು:
ಎಲೆಕೋಸು 10 ಗ್ರಾಂನ ಎರಡು ಪ್ಯಾಕೆಟ್ ಅಷ್ಟೇ ಇದೆ, ಬಣ್ಣ ಹಚ್ಚಿಲ್ಲ. ಏನು ಮಾಡಲಿ?

ಶ್ರೀರಂಗಪಟ್ಟಣದಿಂದ:
ಹಾಗಾದರೆ ಟೆಸ್ಟ್ ಬಿಡಿ. 50 ಡಿಗ್ರಿ ಬಿಸಿನೀರಲ್ಲಿ 25 ನಿಮಿಷ ಇಟ್ಟು, ತಕ್ಷಣ ತಣ್ಣೀರಿಗೆ ಹಾಕಿ ಒಣಗಿಸಿ. ಥರ್ಮಾಮೀಟರ್ ಬೇಕೇ ಬೇಕು, ಬಿಸಿ ಜಾಸ್ತಿ ಆದರೆ ಮೊಳಕೆ ಹೋಗುತ್ತೆ. ಹಳೇ ಬೀಜ ಆದರೆ ಮೊದಲು ಸ್ವಲ್ಪಕ್ಕೆ ಮಾಡಿ ನೋಡಿ. ಟ್ರೇಗೆ ಮೇಲಿಂದ ಜೋರಾಗಿ ನೀರು ಬಿಡಬೇಡಿ, ಒಂದು ಸಸಿಯ ರೋಗ ಸಿಡಿದು ಪಕ್ಕದ್ದಕ್ಕೂ ಹತ್ತುತ್ತೆ. ಎಲೆ ಅಂಚಿನಿಂದ ವಿ ಆಕಾರದಲ್ಲಿ ಹಳದಿ ಶುರುವಾಗಿ ನರ ಕಪ್ಪಾದರೆ ಆ ಸಸಿಯನ್ನೇ ಲ್ಯಾಬ್‌ಗೆ ಒಯ್ಯಿರಿ.