ಎಲ್ಲದಕ್ಕೂ ‘ಸರಿ ಮೇಡಂ’ ಅನ್ನುತ್ತಾರೆ, ಆದರೆ ಒಂದೂ ಆಗುವುದಿಲ್ಲ

ಪ್ರಶ್ನೆ: ಹೊಸದಾಗಿ ಸೇರಿದವಳು

ಸಮಾಜ ಕಾರ್ಯ ಓದಿ ಮುಗಿಸಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಕುಟುಂಬಗಳ ಜೊತೆ ಕೆಲಸ. ಒಬ್ಬ ತಾಯಿಯ ವಿಷಯದಲ್ಲಿ ನನಗೆ ದಾರಿಯೇ ಕಾಣುತ್ತಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಶಾಲೆಗೆ ಸರಿಯಾಗಿ ಹೋಗುತ್ತಿಲ್ಲ. ಮೊದಲ ಭೇಟಿಯಲ್ಲೇ ಕೂತು ಒಂದು ಯೋಜನೆ ಮಾಡಿದೆವು. ಮಗನನ್ನು ದಿನಾ ಶಾಲೆಗೆ ಕಳಿಸುವುದು, ವಾರಕ್ಕೊಮ್ಮೆ ಟೀಚರ್ ಜೊತೆ ಮಾತಾಡುವುದು, ಕೌನ್ಸೆಲಿಂಗ್‌ಗೆ ಬರುವುದು, ತಾಯಂದಿರ ಗುಂಪಿಗೆ ಸೇರುವುದು. ಪ್ರತಿಯೊಂದಕ್ಕೂ "ಸರಿ ಮೇಡಂ" ಅಂದರು. ಸಹಿ ಹಾಕಿದರು. ಮೂರು ತಿಂಗಳು ಕಳೆದಿದೆ, ನಾಲ್ಕರಲ್ಲಿ ಒಂದೂ ಆಗಿಲ್ಲ. ಮನೆಗೆ ಹೋದರೆ ಬಾಗಿಲು ತೆಗೆಯುತ್ತಾರೆ, ಕೂರಿಸುತ್ತಾರೆ, ಮತ್ತೆ ಅದೇ "ಸರಿ ಮೇಡಂ".

ಕಳೆದ ವಾರ ಫೈಲಿನಲ್ಲಿ "ಸಹಕರಿಸುತ್ತಿಲ್ಲ" ಅಂತ ಬರೆದೆ. ಬರೆದ ಮೇಲೆ ಸಮಾಧಾನ ಇಲ್ಲ. ನಾನು ಗದರಿಲ್ಲ, ದರ್ಪ ತೋರಿಸಿಲ್ಲ. ಅವರ ಬಗ್ಗೆ ನನಗೆ ನಿಜವಾಗಿ ಕಾಳಜಿ ಇದೆ. ಜೊತೆಗೂಡಿ ಕೆಲಸ ಮಾಡಬೇಕು ಅಂತ ಕಾಲೇಜಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬೇರೆಯವರ ಮನೆಯ ಕುರ್ಚಿಯಲ್ಲಿ ಕೂತಾಗ ಅದನ್ನು ಮಾಡುವುದು ಹೇಗೆ?

ಉತ್ತರ 1: ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿರುವವನು

ನೀವು ಫೈಲಿನಲ್ಲಿ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. ಅದನ್ನು ನಾನೂ ಬಹಳ ವರ್ಷ ಬರೆದಿದ್ದೇನೆ. "ಸಹಕರಿಸುತ್ತಿಲ್ಲ" ಅಂದರೆ ಯಾರ ಕೆಲಸಕ್ಕೆ? ಆ ನಾಲ್ಕು ಅಂಶಗಳನ್ನು ಇನ್ನೊಮ್ಮೆ ಓದಿ ನೋಡಿ. ಒಂದಾದರೂ ಆ ತಾಯಿಯ ಬಾಯಿಂದ ಬಂದದ್ದಾ? ನಾಲ್ಕೂ ನಿಮ್ಮವು ಅಂತ ನನಗೆ ಅನಿಸುತ್ತದೆ. ಅವರು ಒಪ್ಪಿದ್ದಾರೆ, ಅಷ್ಟೆ. ಒಪ್ಪಿಕೊಳ್ಳುವುದು ಬೇರೆ, ಬೇಕು ಅನ್ನುವುದು ಬೇರೆ ಅಲ್ವಾ?

ಎಡ್ವರ್ಡ್ ಬೋರ್ಡಿನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ವಿಚಾರ ಮುಂದಿಟ್ಟರು. ಸಹಾಯ ಮಾಡುವವರು, ಸಹಾಯ ಪಡೆಯುವವರು ಕೂಡಿ ಕೆಲಸ ಮಾಡಬೇಕಾದರೆ ಮೂರು ವಿಷಯ ಕೂಡಿಬರಬೇಕು. ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಒಮ್ಮತ, ಅದಕ್ಕೆ ಯಾರು ಏನು ಮಾಡಬೇಕು ಅನ್ನುವುದರಲ್ಲಿ ಒಮ್ಮತ, ಮತ್ತೆ ಇಬ್ಬರ ನಡುವೆ ನಂಬಿಕೆಯ ನಂಟು. ಅವರು ಬರೆದದ್ದು ಮಾನಸಿಕ ಚಿಕಿತ್ಸೆಯ ಬಗ್ಗೆ. ಆದರೆ ನನ್ನ ಕೆಲಸ ಎಲ್ಲಿ ಕೆಟ್ಟಿದೆ ಅಂತ ಹುಡುಕಲು ನಾನು ಇವತ್ತಿಗೂ ಈ ಮೂರನ್ನೇ ನೋಡುವುದು. ನಿಮ್ಮಲ್ಲಿ ಮೂರನೆಯದು ಸ್ವಲ್ಪ ಇದೆ. ಬಾಗಿಲು ತೆಗೆಯುತ್ತಾರಲ್ಲ. ಮೊದಲ ಎರಡು ಇಲ್ಲ.

ನನಗೆ ಇದು ತಲೆಗೆ ಹತ್ತಿದ್ದು ಒಬ್ಬ ನಡುವಯಸ್ಸಿನ ವ್ಯಕ್ತಿಯಿಂದ. ಕುಡಿತ ಜಾಸ್ತಿ, ಒಬ್ಬರೇ ಇರುತ್ತಿದ್ದರು. ಐದು ತಿಂಗಳು ಅವರ ಮನೆಗೆ ಹೋಗಿದ್ದೆ. ನನ್ನ ಪಟ್ಟಿಯಲ್ಲಿ ಮೊದಲ ಸಾಲೇ ಕುಡಿತ ಬಿಡಿಸುವ ಚಿಕಿತ್ಸೆ. ಬರೆಯುವಾಗ ಪುಸ್ತಕವನ್ನು ಎದೆಗೆ ವಾಲಿಸಿ ಹಿಡಿಯುವುದು ನನ್ನ ಅಭ್ಯಾಸ. ಅವರು ಪ್ರತಿ ಸಲ ಸ್ವಲ್ಪ ಕತ್ತು ಚಾಚಿ ನೋಡಲು ಪ್ರಯತ್ನಿಸುತ್ತಿದ್ದರು. ಒಂದು ದಿನ ಏನನ್ನಿಸಿತೋ, ಪುಸ್ತಕವನ್ನು ಮೇಜಿನ ಮೇಲಿಟ್ಟು ಅವರ ಕಡೆ ತಿರುಗಿಸಿದೆ. ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. "ಕುಟುಂಬದ ಬಗ್ಗೆ ಜವಾಬ್ದಾರಿ ಇಲ್ಲ" ಅನ್ನುವ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು. ಪೆನ್ ಕೇಳಿದರು. ಆ ಸಾಲನ್ನು ಹೊಡೆದುಹಾಕುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಪಕ್ಕದಲ್ಲಿ ಬರೆದರು: "ಮಗಳು ಫೋನ್ ಎತ್ತುವುದಿಲ್ಲ."

ಪ್ರತಿ ಭಾನುವಾರ ಮಗಳಿಗೆ ಫೋನ್ ಮಾಡುತ್ತಿದ್ದರಂತೆ. ಐದು ತಿಂಗಳಲ್ಲಿ ನನಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ನಮ್ಮ ಮೊದಲ ಕೆಲಸ ಮಗಳಿಗೆ ಒಂದು ಕಾಗದ ಬರೆಯುವುದಾಯಿತು. ಅದಕ್ಕೇ ಮೂರು ಭೇಟಿ ಹಿಡಿಯಿತು. ಚಿಕಿತ್ಸೆಯ ಮಾತು ಹಲವು ವಾರ ಬಿಟ್ಟು ಬಂತು, ಅವರಿಂದಲೇ ಬಂತು. ನಡುವೆ ಎರಡು ಸಲ ತಪ್ಪಿಯೂ ಹೋಯಿತು. ಆದರೆ ತಪ್ಪಿದಾಗ ಅವರೇ ನನಗೆ ಫೋನ್ ಮಾಡಿ ಹೇಳಿದರು.

ನೀವು ಮುಂದಿನ ಸಲ ಹೋಗುವಾಗ ಹಳೆಯ ಯೋಜನೆಯ ಹಾಳೆ ತೆಗೆದುಕೊಂಡು ಹೋಗಿ. "ಇದನ್ನು ನಾನೇ ಬರೆದುಬಿಟ್ಟೆ, ನಿಮಗೆ ಏನು ಬೇಕು ಅಂತ ಕೇಳಲಿಲ್ಲ" ಅಂತ ನೇರವಾಗಿ ಹೇಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ದಿನದಲ್ಲಿ ನಿಮಗೆ ತುಂಬಾ ಕಷ್ಟ ಆಗುವ ಹೊತ್ತು ಯಾವುದು? ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಆ ಮೌನವನ್ನು ತುಂಬಲು ಹೋಗಬೇಡಿ.

ಇನ್ನೊಂದು ಉಪಾಯ ಇದೆ. ಇನ್ಸೂ ಕಿಮ್ ಬರ್ಗ್, ಸ್ಟೀವ್ ಡಿ ಶೇಜರ್ ಅನ್ನುವ ಅಮೆರಿಕದ ಚಿಕಿತ್ಸಕ ದಂಪತಿ ರೂಢಿಗೆ ತಂದದ್ದು. ಸೊನ್ನೆ ಅಂದರೆ ತೀರಾ ಕಷ್ಟ, ಹತ್ತು ಅಂದರೆ ಎಲ್ಲ ಸರಿ ಅಂತಿಟ್ಟುಕೊಂಡು, ಸೊನ್ನೆಯಿಂದ ಹತ್ತರವರೆಗೆ ಈಗ ಎಲ್ಲಿದ್ದೀರಿ ಅಂತ ಕೇಳುವುದು. ಎರಡು ಅಂದರೆ, ಯಾಕೆ ಹತ್ತಲ್ಲ ಅಂತ ಕೇಳಬೇಡಿ. ಯಾಕೆ ಸೊನ್ನೆ ಅಲ್ಲ ಅಂತ ಕೇಳಿ. ಆಗ ಅವರು ಈಗಾಗಲೇ ಏನೇನು ಮಾಡುತ್ತಿದ್ದಾರೆ ಅನ್ನುವುದು ಹೊರಗೆ ಬರುತ್ತದೆ.

ಉತ್ತರ 2: ಎದುರಿನ ಕುರ್ಚಿಯಲ್ಲಿ ಕೂತವಳು

ನಾನು ಕಾರ್ಯಕರ್ತೆ ಅಲ್ಲ. ನಮ್ಮ ಮನೆಗೆ ಏಳು ವರ್ಷ ಕಾರ್ಯಕರ್ತರು ಬಂದು ಹೋದರು. "ಸರಿ ಮೇಡಂ" ಅಂತ ನಾನೂ ಬೇಕಾದಷ್ಟು ಸಲ ಹೇಳಿದ್ದೇನೆ. ಇಲ್ಲ ಅಂದರೆ ಏನು ಬರೆದುಕೊಳ್ಳುತ್ತಾರೋ ಅಂತ ಭಯ. ಮಕ್ಕಳನ್ನು ನೋಡಿಕೊಳ್ಳಲು ಇವಳಿಗೆ ಆಗುವುದಿಲ್ಲ ಅಂದುಬಿಟ್ಟರೆ? ಸರಿ ಅಂದರೆ ಅವರು ಎದ್ದು ಹೊರಡುತ್ತಾರೆ, ನಾನು ಮಕ್ಕಳ ಕಡೆ ನೋಡಬಹುದು. ನಿಮ್ಮ ಮೇಲೆ ಸಿಟ್ಟಿನಿಂದ ಅಲ್ಲ ತಂಗಿ, ಅದು ಭಯ.

ಪ್ರತಿ ಸಲ ಹೊಸಬರು ಬಂದಾಗಲೂ ಮೊದಲಿಂದ ಕಥೆ ಹೇಳಬೇಕಿತ್ತು. ಒಬ್ಬರು ಮಾತ್ರ ಬೇರೆ ತರಹ ಇದ್ದರು. "ನಿಮ್ಮ ಫೈಲ್ ಓದಿದ್ದೇನೆ, ಅದರಲ್ಲಿ ತಪ್ಪಿದ್ದರೆ ಹೇಳಿ" ಅಂತ ಓದಿ ತೋರಿಸಿದರು. ಗಂಡ ಬಿಟ್ಟುಹೋಗಿದ್ದಾನೆ ಅಂತ ಬರೆದಿತ್ತು. ನನ್ನ ಗಂಡ ತೀರಿಕೊಂಡಿದ್ದರು. "ಅವರು ಹೋಗಿಬಿಟ್ಟರು" ಅಂತ ಯಾವಾಗಲೋ ನಾನು ಹೇಳಿದ್ದನ್ನು ಯಾರೋ ಹಾಗೆ ಅರ್ಥ ಮಾಡಿಕೊಂಡಿದ್ದರು. ಅಷ್ಟು ವರ್ಷ ಬಂದವರೆಲ್ಲ ಅದನ್ನೇ ಓದಿ, ನನ್ನನ್ನು ಹಾಗೇ ನೋಡಿದ್ದರು.

ಫೈಲ್ ಓದಿ ತೋರಿಸಿದವರು ಇನ್ನೊಂದನ್ನೂ ಮಾಡುತ್ತಿದ್ದರು. "ಗುರುವಾರ ಫೋನ್ ಮಾಡುತ್ತೇನೆ" ಅಂದರೆ ಗುರುವಾರ ಮಾಡುತ್ತಿದ್ದರು. ಒಂದು ಸಲ ಫೋನ್ ಮಾಡಿ, "ನಿಮ್ಮ ಅರ್ಜಿಯ ಬಗ್ಗೆ ಇನ್ನೂ ಏನೂ ತಿಳಿದಿಲ್ಲ, ಅದನ್ನು ಹೇಳಲು ಮಾಡಿದೆ" ಅಂದರು. ಆವತ್ತಿನಿಂದ ಅವರಿಗೆ ನಾನು ಸುಮ್ನೆ "ಸರಿ" ಅಂದಿಲ್ಲ. ಆಗದ್ದಕ್ಕೆ ಆಗಲ್ಲ ಅಂದೆ.

ಉತ್ತರ 3: ಮಕ್ಕಳ ರಕ್ಷಣೆಯ ಕೆಲಸದವಳು

ಮೇಲಿನ ಅಕ್ಕನ ಮಾತು ನಿಜ. ಒಂದು ಸೇರಿಸುತ್ತೇನೆ. ನಮ್ಮ ಕೈಯಲ್ಲಿ ಅಧಿಕಾರ ಇದೆ, ಅದು ಇಲ್ಲದ ಹಾಗೆ ನಡೆದುಕೊಳ್ಳಬಾರದು. "ನಾವಿಬ್ಬರೂ ಸಮಾನರು" ಅಂತ ಹೇಳಿ ಆಮೇಲೆ ವರದಿ ಕಳಿಸಿದರೆ ಅದು ಮೋಸ. ಮಗುವಿಗೆ ಅಪಾಯ ಇದೆ ಅಂತ ಕಂಡರೆ ನಾನು ತಿಳಿಸಲೇಬೇಕು, ಅದನ್ನು ಮೊದಲ ದಿನವೇ ಹೇಳುತ್ತೇನೆ. ಉಳಿದದ್ದನ್ನೆಲ್ಲ ಮನೆಯವರಿಗೇ ಬಿಡಲು ನೋಡುತ್ತೇನೆ.

ನ್ಯೂಜಿಲೆಂಡಿನಲ್ಲಿ 1989ರಲ್ಲೇ ಕುಟುಂಬ ಸಭೆಯನ್ನು ಕಾನೂನಿಗೆ ತಂದರು. ಅಧಿಕಾರಿಗಳು ವಿಷಯ ತಿಳಿಸಿ ಕೋಣೆಯಿಂದ ಹೊರಗೆ ಬರುತ್ತಾರೆ. ಅಜ್ಜಿ, ಚಿಕ್ಕಪ್ಪ, ಎಲ್ಲರೂ ತಮ್ಮತಮ್ಮಲ್ಲೇ ಕೂತು ಮಗುವಿಗೆ ಏನು ಮಾಡಬೇಕು ಅಂತ ಯೋಚಿಸುತ್ತಾರೆ. ಆ ಹೊರಗೆ ಬರುವುದಿದೆಯಲ್ಲ, ನಮ್ಮಂಥವರಿಗೆ ಕಷ್ಟ ಆಗುವುದು ಅದೇ.

ಪ್ರಶ್ನೆ ಕೇಳಿದವಳಿಂದ

ಮಂಗಳವಾರ ಹೋಗಿದ್ದೆ ಸರ್. ಹಾಳೆ ಮುಂದಿಟ್ಟು, ನಿಮ್ಮನ್ನು ಕೇಳದೆ ಬರೆದೆ ಅಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಕಷ್ಟಪಟ್ಟು. ಆಮೇಲೆ "ಬೆಳಗಿನ ಹೊತ್ತು" ಅಂದರು. ಚಿಕ್ಕ ಮಗಳಿಗೆ ನಸುಕಿನಲ್ಲಿ ಫಿಟ್ಸ್ ಬರುತ್ತದಂತೆ, ಎರಡು ತಿಂಗಳಿಂದ ಜಾಸ್ತಿಯಾಗಿದೆ. ಅಮ್ಮ ಒಬ್ಬಳೇ ಇದ್ದಾಗ ಬಂದರೆ ಅಂತ ಅಣ್ಣ ಮನೆ ಬಿಟ್ಟು ಹೋಗುತ್ತಿಲ್ಲ.

ನಂಬರ್ ಕೇಳಿದೆ, "ಎರಡು" ಅಂದರು. ಯಾಕೆ ಸೊನ್ನೆ ಅಲ್ಲ ಅಂದಾಗ ಮೂಲೆ ತೋರಿಸಿದರು. ಮಗನ ಬ್ಯಾಗ್ ಗೋಡೆಗೆ ಒರಗಿತ್ತು, ಜಿಪ್ ಹಾಕಿ ರೆಡಿ ಇತ್ತು. ದಿನಾ ರಾತ್ರಿ ಅವನೇ ಜೋಡಿಸಿ ಇಡುತ್ತಾನಂತೆ. ನಾನು ಅದೇ ಕೋಣೆಯಲ್ಲಿ ಎಷ್ಟು ಸಲ ಕೂತಿದ್ದೆ.

ಈಗ ಹಾಳೆಯಲ್ಲಿ ಒಂದೇ ಸಾಲಿದೆ, ಅವರು ಹೇಳಿದ ಹಾಗೇ ಬರೆದದ್ದು: "ಪುಟ್ಟಿಯನ್ನು ನರರೋಗದ ಡಾಕ್ಟರಿಗೆ ತೋರಿಸಬೇಕು, ಮೇಡಂ ಜೊತೆಗೆ ಬರಬೇಕು." ಫೈಲಿನಲ್ಲಿ "ಸಹಕರಿಸುತ್ತಿಲ್ಲ" ಅನ್ನುವುದನ್ನು ಅಳಿಸುವ ಹಾಗಿಲ್ಲ. ಕೆಳಗೆ ತಾರೀಖು ಹಾಕಿ ಆ ಮಾತು ತಪ್ಪು, ಕಾರಣ ಇದು ಅಂತ ಬರೆದೆ. ಅವರಿಗೂ ತೋರಿಸಿದೆ. ಎರಡು ಸಲ ಓದಿ, ಅದರ ಒಂದು ಕಾಪಿ ಬೇಕು ಅಂದರು.

ಹುಡುಗ ಇನ್ನೂ ಶಾಲೆಗೆ ಹೋಗುತ್ತಿಲ್ಲ. ಡಾಕ್ಟರ್ ಯಾವಾಗ ಸಿಗುತ್ತಾರೆ ಅಂತ ವಿಚಾರಿಸಿ ಶುಕ್ರವಾರ ಫೋನ್ ಮಾಡುತ್ತೇನೆ ಅಂದಿದ್ದೇನೆ. ತಿಳಿಯದಿದ್ದರೂ ಮಾಡುತ್ತೇನೆ ಅಕ್ಕ.