ಮಗಳು ಪ್ರೇಯರ್‌ನಲ್ಲಿ ತಲೆ ತಿರುಗಿ ಬಿದ್ಲು, ಎಚ್‌ಬಿ (ಹಿಮೋಗ್ಲೋಬಿನ್) 9.4 ಅಂತೆ. ನೀಲಿ ಮಾತ್ರೆ ಕೊಡ್ಲಾ ಬೇಡ್ವಾ?

ಮದ್ದೂರು ಕಡೆ ತಾಯಿ:
ಎಲ್ರಿಗೂ ನಮಸ್ಕಾರ. ನಮ್ದು ಮದ್ದೂರು ಹತ್ರ ಹಳ್ಳಿ. ಮಗಳಿಗೆ 14 ವರ್ಷ, ಸರ್ಕಾರಿ ಹೈಸ್ಕೂಲಲ್ಲಿ 9ನೇ ಕ್ಲಾಸು. ಹೋದ ಸೋಮವಾರ ಪ್ರೇಯರ್‌ಗೆ ನಿಂತಿದ್ದೋಳು ಹಂಗೇ ಕಣ್ಣು ಕತ್ಲೆ ಬಂದು ಬಿದ್ಬುಟ್ಳಂತೆ. ನಾನು ಗಾರ್ಮೆಂಟ್ಸ್‌ಗೆ ಹೋಗೋದು, ಮೇಷ್ಟ್ರು ಫೋನ್ ಮಾಡಿದ್ಮೇಲೆ ಪರ್ಮಿಷನ್ ಕೇಳ್ಕೊಂಡು ಓಡಿ ಬರೋಷ್ಟ್ರಲ್ಲಿ 12 ಗಂಟೆ ಆಗಿತ್ತು. ಪಿಎಚ್‌ಸಿಲಿ ಟೆಸ್ಟ್ ಮಾಡಿ ಎಚ್‌ಬಿ 9.4 ಐತೆ, ರಕ್ತ ಕಮ್ಮಿ ಅಂದು ಮಾತ್ರೆ ಕೊಟ್ಟವ್ರೆ, 3 ತಿಂಗಳು ದಿನಾ ತಗೋಬೇಕಂತೆ.

ಮನೆಗೆ ಬಂದು ನೋಡಿದ್ರೆ ಅದು ಸ್ಕೂಲಲ್ಲಿ ವಾರಕ್ಕೊಂದ್ಸಲ ಕೊಡೋ ಅದೇ ನೀಲಿ ಮಾತ್ರೆ. ಅದನ್ನ ಇವ್ಳು ಹೋದ ವರ್ಷದಿಂದ ನುಂಗ್ತಾನೇ ಇಲ್ಲ ಅಂತ ಆಗ ಬಾಯ್ಬಿಟ್ಳು, ನಾಲಿಗೆ ಕೆಳಗೆ ಇಟ್ಕೊಂಡು ಆಚೆ ಹೋಗಿ ಉಗೀತಿದ್ಲಂತೆ. ಯಾಕೆ ಅಂದ್ರೆ ಅವ್ಳ ಫ್ರೆಂಡ್ ಒಬ್ಳು ನುಂಗಿ ವಾಂತಿ ಮಾಡ್ಕಂಡ್ಲು, ಆಮೇಲೆ ಕ್ಲಾಸಲ್ಲಿ ಯಾರೋ ಇದು ಮುಂದೆ ಮಕ್ಕಳಾಗ್ದಂಗೆ ಮಾಡೋ ಮಾತ್ರೆ ಅಂದ್ರಂತೆ. ನಮ್ಮತ್ತೆನೂ ಅದನ್ನೇ ಹಿಡ್ಕೊಂಡವ್ರೆ, ಹೆಣ್ಣುಮಗುಗೆ ಇವೆಲ್ಲ ಬ್ಯಾಡ, ಬೆಲ್ಲ ಬೀಟ್ರೂಟು ಕೊಡು ರಕ್ತ ತಾನಾಗೇ ಆಯ್ತದೆ ಅಂತವ್ರೆ. ನಾನು 6 ಗಂಟೆಗೇ ವ್ಯಾನ್ ಹತ್ಬೇಕು, ತಿಂಡಿ ಮಾಡಿಟ್ಟು ಹೋಗ್ತೀನಿ, ಇವ್ಳು ಅದನ್ನ ಮುಟ್ಟಲ್ಲ, ಬರೀ ಟೀ ಕುಡ್ಕೊಂಡು ಸ್ಕೂಲಿಗೆ ಹೋಗ್ತಾಳೆ. ಗೊತ್ತಿರೋರು ಹೇಳಿ, ಮಾತ್ರೆ ಕೊಡ್ಲಾ? ರಾತ್ರಿ ನಿದ್ದೆ ಬರ್ತಿಲ್ಲ ನಂಗೆ.

ಆಶಾ ಕಾರ್ಯಕರ್ತೆ, ಮಂಡ್ಯ:
ಕೊಡಿ ಅಕ್ಕ, ಇವತ್ತೇ ಶುರು ಮಾಡಿ. ಮಕ್ಕಳಾಗಲ್ಲ ಅನ್ನೋ ಮಾತನ್ನ ನಾನು ಮನೆಮನೆಗೆ ಹೋದಾಗ್ಲೂ ಕೇಳ್ತೀನಿ. ನಿಮ್ಮತ್ತೆಗೆ ಒಂದೇ ಮಾತು ಕೇಳಿ, ನೀವು ಬಸುರಿ ಇದ್ದಾಗ ಕೆಂಪು ಮಾತ್ರೆ ನುಂಗಿದ್ರಲ್ಲ, ಅದ್ರಲ್ಲಿ ಏನಿತ್ತು ಅಂತ. ಎರಡರಲ್ಲೂ ಇರೋದು ಕಬ್ಬಿಣ, ಫೋಲಿಕ್ ಆಸಿಡ್ ಅಷ್ಟೇ. ಬಸುರಿಗೆ 180 ದಿನ ದಿನಾ ಒಂದು ಕೆಂಪು ಕೊಡ್ತೀವಿ, 10ರಿಂದ 19 ವರ್ಷದ ಮಕ್ಕಳಿಗೆ ವಾರಕ್ಕೊಂದು ನೀಲಿ, 5ರಿಂದ 9 ವರ್ಷದೋರಿಗೆ ಪಿಂಕ್. ಗುರುತು ಸಿಗ್ಲಿ ಅಂತ ಬಣ್ಣ ಬೇರೆ. ಹೊಟ್ಟೇಲಿರೋ ಮಗು ಬೆಳೀಲಿ ಅಂತ ಕೊಡೋದು ಮಕ್ಕಳಾಗ್ದಂಗೆ ಹೆಂಗೆ ಮಾಡುತ್ತೆ?

ಇನ್ನೊಂದು ವಿಷಯ ತಿಳ್ಕೊಳಿ, ವಾರಕ್ಕೊಂದು ಕೊಡೋದು ರಕ್ತ ಕಮ್ಮಿ ಆಗ್ದಿರ್ಲಿ ಅಂತ. 12ಕ್ಕಿಂತ ಕಮ್ಮಿ ಆದ್ಮೇಲೆ ಅದು ಸಾಲ್ದು, ದಿನಾ ತಗೋಬೇಕು, ಡಾಕ್ಟ್ರು ಅದನ್ನೇ ಹೇಳಿರೋದು. 8ಕ್ಕಿಂತ ಕೆಳಗಿದ್ರೆ ಮನೇಲಿ ಮಾತ್ರೆ ನುಂಗಿಸ್ತಾ ಕೂರಂಗಿಲ್ಲ, ದೊಡ್ಡಾಸ್ಪತ್ರೆಗೇ ಹೋಗ್ಬೇಕು. ನಿಮ್ಮ ಮಗಳದು ಅಲ್ಲಿಗೆ ಹೋಗಿಲ್ಲ, ಧೈರ್ಯವಾಗಿರಿ. ಮಾತ್ರೆ ಶುರು ಮಾಡಿದ್ಮೇಲೆ ಕಕ್ಕಸು ಕಪ್ಪಗಾಗುತ್ತೆ, ಮಗಳಿಗೆ ಮೊದ್ಲೇ ಹೇಳ್ಬಿಡಿ ಇಲ್ಲಾಂದ್ರೆ ಹೆದರ್ಕೊಂಡು ಮತ್ತೆ ಬಿಟ್ಬಿಡ್ತಾಳೆ. ಮನೇಲಿ ಚಿಕ್ಕ ಮಕ್ಕಳಿದ್ರೆ ಮಾತ್ರೆ ಎತ್ತರದಲ್ಲಿಡಿ, ಚಾಕ್ಲೇಟ್ ಅಂತ ನಾಲ್ಕೈದು ತಿಂದ್ರೆ ಸಣ್ಣ ಮಗು ಪ್ರಾಣಕ್ಕೇ ಬರುತ್ತೆ.

ನರ್ಸ್, ಮೈಸೂರು:
ಆ ಹುಡುಗಿ ವಾಂತಿ ಮಾಡ್ಕೊಂಡಿದ್ದಕ್ಕೆ ಕಾರಣ ಬಹುಶಃ ಖಾಲಿ ಹೊಟ್ಟೆ. ಕಬ್ಬಿಣದ ಮಾತ್ರೆ ಬರೀ ಹೊಟ್ಟೇಲಿ ನುಂಗಿದ್ರೆ ತುಂಬಾ ಜನಕ್ಕೆ ಹೊಟ್ಟೆ ತೊಳಸುತ್ತೆ. ರಾತ್ರಿ ಊಟ ಆಗಿ ಅರ್ಧ ಮುಕ್ಕಾಲು ಗಂಟೆಗೆ ಕೊಟ್ಟು ಮಲಗ್ಸಿ, ತೊಳಸಿದ್ರೂ ನಿದ್ದೇಲಿ ಗೊತ್ತಾಗಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ಕೊಟ್ರೆ ಇನ್ನೂ ಒಳ್ಳೇದು, ಸಿ ವಿಟಮಿನ್ ಇದ್ರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತೆ. ಹಾಲಿನ ಜೊತೆ ಬೇಡ, ಟೀ ಕಾಫಿ ಜೊತೆ ಬೇಡವೇ ಬೇಡ.

ಟೀ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ ಯಾಕಂದ್ರೆ ನಮ್ಮ ಕಡೆ ಹೆಣ್ಮಕ್ಕಳಿಗೆ ಬೆಳಿಗ್ಗೆ ಟೀನೇ ತಿಂಡಿ ಆಗ್ಬಿಟ್ಟಿದೆ. ಟೀಲಿರೋ ಒಗರು ಅಂಶ ಊಟದಲ್ಲಿರೋ ಕಬ್ಬಿಣನ ಹಿಡ್ಕೊಂಡುಬಿಡುತ್ತೆ, ಮೈಗೆ ಸೇರಕ್ಕೆ ಬಿಡಲ್ಲ. ನೀವು ಎಷ್ಟೇ ಸೊಪ್ಪು ಹಾಕಿ ಸಾರು ಮಾಡಿ, ಉಂಡ ತಕ್ಷಣ ಟೀ ಕುಡಿದ್ರೆ ಅರ್ಧ ವ್ಯರ್ಥ. ಊಟಕ್ಕೂ ಟೀಗೂ ಮಧ್ಯೆ ಒಂದು ಗಂಟೆ ಆದ್ರೂ ಬಿಡಿ.

ಬೀಟ್ರೂಟ್ ಕೆಂಪಗಿದೆ ಅಂತ ಎಲ್ರೂ ನಂಬಿದಾರೆ, ಅದ್ರಲ್ಲಿ ಕಬ್ಬಿಣ ತೀರಾ ಕಮ್ಮಿ. ಬೆಲ್ಲ ನಮ್ಮ ಮಂಡ್ಯದ್ದೇ ಆಗಿದ್ರೂ ಅಷ್ಟೇ, ಸಕ್ಕರೆ ಬದ್ಲು ತಿನ್ಲಿ, ಆದ್ರೆ ಬೆಲ್ಲ ತಿಂದು 9.4ನ 12 ಮಾಡಕ್ಕಾಗಲ್ಲ. ರಾಗಿ ಬಿಡ್ಬೇಡಿ, 100 ಗ್ರಾಂ ರಾಗೀಲಿ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಬೆಳೆಯೋ ವಯಸ್ಸಲ್ಲಿ ಮೂಳೆಗೆ ಬೇಕು. ಮುದ್ದೆ ಜೊತೆ ಮೊಳಕೆ ಹುರುಳಿಕಾಳು ಬಸ್ಸಾರು, ನುಗ್ಗೆಸೊಪ್ಪು, ಮೇಲೆ ನಿಂಬೆಹಣ್ಣು ಹಿಂಡಿ. ಸೀಬೆಹಣ್ಣಿನ ಕಾಲದಲ್ಲಿ ಊಟ ಆದ್ಮೇಲೆ ಒಂದು ಸೀಬೆಕಾಯಿ. ಮಾಂಸ ತಿನ್ನೋರಾದ್ರೆ ವಾರಕ್ಕೊಂದ್ಸಲ ಲಿವರ್ ತನ್ನಿ, ಕಾಳು ಸೊಪ್ಪಿನ ಕಬ್ಬಿಣಕ್ಕಿಂತ ಮಾಂಸದ್ದು ಸಲೀಸಾಗಿ ಮೈಗೆ ಸೇರುತ್ತೆ.

ಒಂದು ಪ್ರಶ್ನೆ ಮೇಡಂ, ಅವ್ಳಿಗೆ ಪೀರಿಯಡ್ಸ್ ಹೆಂಗಾಗುತ್ತೆ? ಗಂಟೆ ಎರಡು ಗಂಟೆಗೊಂದು ಪ್ಯಾಡ್ ನೆನೀತಿದ್ರೆ, 7 ದಿನಕ್ಕಿಂತ ಜಾಸ್ತಿ ಹೋಗ್ತಿದ್ರೆ ಡಾಕ್ಟ್ರಿಗೆ ಹೇಳ್ಲೇಬೇಕು. ಮಕ್ಕಳು ತಾವಾಗೇ ಹೇಳಲ್ಲ, ಎಲ್ರಿಗೂ ಹಿಂಗೇ ಆಗೋದು ಅಂದ್ಕೊಂಡಿರ್ತಾರೆ.

ಹೈಸ್ಕೂಲ್ ಮೇಷ್ಟ್ರು, ಕೆ.ಆರ್. ಪೇಟೆ:
ಈ ತಾಯಿ ಬರ್ದಿದ್ದು ಓದಿ ಮನಸ್ಸಿಗೆ ಚುಚ್ಚಿದಂಗಾಯ್ತು. ನಮ್ಮ ಸ್ಕೂಲಲ್ಲೂ ಮೊದ್ಲು ಸೋಮವಾರ ಪ್ರೇಯರ್ ಮುಗೀತಿದ್ದಂಗೆ ಕೊಟ್ಬಿಡ್ತಿದ್ವಿ, ಲೆಕ್ಕ ಬರ್ದು ಮುಗಿಸೋಣ ಅಂತ. ಅರ್ಧ ಮಕ್ಕಳು ತಿಂಡಿ ತಿಂದೇ ಬಂದಿರಲ್ಲ ಅನ್ನೋದು ನಮ್ಮ ತಲೆಗೇ ಹೊಳೀಲಿಲ್ಲ. ಈಗ ಬಿಸಿಯೂಟ ಆದ್ಮೇಲೆ ಕೊಡ್ತೀವಿ, ಮೊದ್ಲು ನಾವು ಟೀಚರ್‌ಗಳು ಮಕ್ಕಳ ಮುಂದೆನೇ ನುಂಗ್ತೀವಿ, ಆಮೇಲೆ ಅವ್ರು. ಉಗಿಯೋದು ನಿಂತೇಹೋಯ್ತು. ನಿಮ್ಮ ಮಗಳ ಸ್ಕೂಲ್ ಹೆಡ್‌ಮಾಸ್ಟರ್ ಹತ್ರ ಮಾತಾಡಿ, ಊಟ ಆದ್ಮೇಲೆ ಕೊಡಿ ಅಂತ ಕೇಳೋದು ನಿಮ್ಮ ಹಕ್ಕು.

ಹುಳದ ಮಾತ್ರೆನೂ ಬಿಡ್ಬೇಡಿ, ಫೆಬ್ರವರಿ 10, ಆಗಸ್ಟ್ 10ಕ್ಕೆ ಕೊಡ್ತೀವಿ, ಚೀಪಿ ಅಗಿದು ನುಂಗ್ಬೇಕು. ಗದ್ದೆಗೆ ಬರಿಗಾಲಲ್ಲಿ ಇಳಿಯೋ ಮಕ್ಕಳಿಗೆ ಕೊಕ್ಕೆಹುಳ ಅಂಗಾಲಿನ ಚರ್ಮದಿಂದಾನೇ ಒಳಗೆ ಹೋಗುತ್ತೆ, ಕರುಳಿಗೆ ಕಚ್ಕೊಂಡು ದಿನಾ ರಕ್ತ ಹೀರುತ್ತೆ. ಅದು ಒಳಗಿದ್ರೆ ಮೇಲಿಂದ ಏನ್ ಕೊಟ್ರೂ ತೂತು ಬಿಂದಿಗೆಗೆ ನೀರು ಹೊಯ್ದಂಗೆ.

ಹುಡುಗನ ತಂದೆ, ಕುವೆಂಪುನಗರ:
ಇದು ಬರೀ ಹೆಣ್ಮಕ್ಕಳ ಸಮಸ್ಯೆ ಅಂದ್ಕೊಂಡಿದ್ದೆ ನಾನು. ನನ್ ಮಗ 16, ಫುಟ್‌ಬಾಲ್ ಆಡ್ತಾನೆ, ಬೇಗ ಸುಸ್ತು ಅಂತಿದ್ದ, ಮೊಬೈಲ್ ನೋಡ್ಕೊಂಡು ನಿದ್ದೆಗೆಡ್ತೀಯ ಅದಕ್ಕೇ ಅಂತ ಬೈತಿದ್ದೆ. ಟೆಸ್ಟ್ ಮಾಡ್ಸಿದ್ರೆ 11.2. ಆ ವಯಸ್ಸಿನ ಹುಡುಗ್ರಿಗೆ 13 ಇರ್ಬೇಕಂತೆ. ಬೈದಿದ್ದಕ್ಕೆ ತುಂಬಾ ಬೇಜಾರಾಯ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ದೇಶದಲ್ಲಿ 15ರಿಂದ 19 ವರ್ಷದ ಹುಡುಗೀರಲ್ಲಿ 59.1 ಪರ್ಸೆಂಟ್, ಹುಡುಗರಲ್ಲಿ 31.1 ಪರ್ಸೆಂಟ್ ರಕ್ತಹೀನತೆ ಇತ್ತು. ಹತ್ತು ಹುಡುಗರಲ್ಲಿ ಮೂರು ಜನ! ಇವ್ನು ಪ್ರೈವೇಟ್ ಸ್ಕೂಲಲ್ಲಿ ಓದಿದ್ದು, ಅಲ್ಲಿ ನೀಲಿ ಮಾತ್ರೆ ಕೊಡ್ತಾನೇ ಇರ್ಲಿಲ್ಲ, ಫೀಸ್ ಕಟ್ಟಿ ಓದಿಸ್ತಿದೀವಿ ಅನ್ನೋ ಧೈರ್ಯದಲ್ಲಿ ನಾವೂ ಕೇಳ್ಲಿಲ್ಲ.

ಮದ್ದೂರು ಕಡೆ ತಾಯಿ:
ಒಂದು ತಿಂಗಳಾದ್ಮೇಲೆ ಬರೀತಿದೀನಿ, ಎಲ್ರಿಗೂ ಕೈ ಮುಗೀತೀನಿ. ನಿನ್ನೆ ಮತ್ತೆ ಟೆಸ್ಟ್ ಮಾಡ್ಸಿದ್ವಿ, 10.6 ಬಂದೈತೆ. ರಾತ್ರಿ ಊಟ ಆದ್ಮೇಲೆ ನಾನೇ ಎದುರು ಕೂತು ನುಂಗಿಸ್ತೀನಿ, ಮೊದಲ ವಾರ ಹೊಟ್ಟೆ ನೋವು ಅಂದ್ಲು, ಆಮೇಲೆ ಸರಿ ಹೋಯ್ತು. ನರ್ಸಮ್ಮ ಕೇಳಿದ್ರಲ್ಲ, ಪೀರಿಯಡ್ಸ್ 9 ದಿನ ಹೋಗ್ತಿತ್ತಂತೆ, ಒಂದೇ ಮನೇಲಿದ್ದೂ ನಂಗೆ ಗೊತ್ತೇ ಇರ್ಲಿಲ್ಲ, ಅವತ್ತು ಇಬ್ರೂ ಅತ್ಬಿಟ್ವಿ. ಡಾಕ್ಟ್ರಿಗೆ ಹೇಳಿದೀನಿ, ಥೈರಾಯ್ಡ್ ಟೆಸ್ಟು, ಸ್ಕ್ಯಾನಿಂಗ್ ಬರ್ಕೊಟ್ಟವ್ರೆ, ಮುಂದಿನ ವಾರ ಮಂಡ್ಯದ ದೊಡ್ಡಾಸ್ಪತ್ರೆ ಮಿಮ್ಸ್‌ಗೆ ಕರ್ಕೊಂಡು ಹೋಗ್ತೀನಿ. ಬೆಳಿಗ್ಗೆ ಟೀ ಬಿಡ್ಸಿ ರಾಗಿ ಅಂಬಲಿ ಇಟ್ಟು ಹೋಗ್ತೀನಿ, ಅತ್ತೆನೇ ಕೂರ್ಸಿ ಕುಡಿಸ್ತವ್ರೆ ಈಗ. ಒಂದು ಕೇಳ್ಬೇಕಿತ್ತು, 12 ಆದ ತಕ್ಷಣ ಮಾತ್ರೆ ನಿಲ್ಲಿಸ್ಬೋದಾ?

ನರ್ಸ್, ಮೈಸೂರು:
ಒಂದು ತಿಂಗಳಲ್ಲಿ 1 ಪಾಯಿಂಟ್ ಮೇಲೆ ಏರಿದೆ ಅಂದ್ರೆ ಮಾತ್ರೆ ಹಿಡೀತಿದೆ ಅಂತ ಅರ್ಥ, ಏರ್ದೇ ಇದ್ದಿದ್ರೆ ಬೇರೆ ಕಾರಣ ಹುಡುಕ್ಬೇಕಿತ್ತು. ನಿಲ್ಲಿಸ್ಬೇಡಿ ಮೇಡಂ, 3 ತಿಂಗಳು ಪೂರ್ತಿ ಮಾಡಿ. ರಕ್ತದಲ್ಲಿ ಸರಿ ಕಾಣಿಸಿದ್ರೂ ಮೈಯೊಳಗಿನ ಕಬ್ಬಿಣದ ದಾಸ್ತಾನು ಆಗಿನ್ನೂ ತುಂಬಿರಲ್ಲ. ಅದಾದ್ಮೇಲೆ ಡಾಕ್ಟ್ರಿಗೆ ತೋರ್ಸಿ, ಅವ್ರು ಸರಿ ಅಂದ್ರೆ ಸ್ಕೂಲಿನ ವಾರದ ಮಾತ್ರೆಗೆ ವಾಪಸ್ ಹೋಗ್ಲಿ. ಮಿಮ್ಸ್‌ಗೆ ಹೋಗುವಾಗ ಎರಡೂ ಎಚ್‌ಬಿ ಚೀಟಿ, ಪೀರಿಯಡ್ಸ್ ಶುರುವಾದ ಮುಗಿದ ತಾರೀಕು ಬರ್ಕೊಂಡು ಹೋಗಿ.